ಕರುಳಿಗೆ ಬಿದ್ದ ನೆರಿಗೆ: ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಯಾದಗಿರಿ ಜಿಲ್ಲೆಯ ಮಾನ್ಯ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ನಾನು ಈ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಟ್ಟೆ ಹೊಲಿಯುತ್ತಿರುವ ಹೆಂಗಸು. ನಾಗರ ಪಂಚಮಿಯ ಹಿಂದಿನ ವಾರ ಕೈತುಂಬ ಕೆಲಸವಿತ್ತು. ನೆಲಕ್ಕೆ ಬಿದ್ದ ದಾರವನ್ನು ಅಂದು ಗುಡಿಸದೆ ಮಲಗಿದೆ. ನಮ್ಮ ಬೆಕ್ಕು ಗೌರಿ ಆಡುತ್ತ ಆಡುತ್ತ ಎರಡು ಮೊಳ ದಾರ ನುಂಗಿತ್ತು. ಆ ತಪ್ಪು ನನ್ನದು, ಯಾರ ಮೇಲೂ ಹೊರಿಸುವುದಿಲ್ಲ. ಅನಂತರ ನಡೆದದ್ದನ್ನು ನಿಮಗೆ ಹೇಳಬೇಕಾಗಿದೆ.

ಮೊದಲ ದಿನ ವಾಂತಿ ಮಾಡಿತು. ಹುಲ್ಲು ತಿಂದಿರಬೇಕು ಎಂದುಕೊಂಡೆವು. ಮರುದಿನ ಹಾಲನ್ನೂ ಮೂಸಲಿಲ್ಲ. ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡಕ್ಕೆ ಕೆಂಪು ದಾರ ಸುತ್ತಿಕೊಂಡಿತ್ತು. ಎಳೆದುಬಿಡಲು ಕೈ ಹಾಕಿದ್ದೆ. ಫೋನಿನಲ್ಲಿ ವಿಷಯ ಕೇಳಿದ ಪಶುವೈದ್ಯರು, "ಎಳೆಯಬೇಡಿ ತಾಯಿ, ಹಾಗೆಯೇ ಕರೆತನ್ನಿ" ಎಂದು ತಡೆದರು. ಬೆಕ್ಕಿನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ ಅವರು ಹೇಳಿದ್ದು ನನಗೆ ಕೂಡಲೇ ಅರ್ಥವಾಯಿತು. ಬಟ್ಟೆಯ ಅಂಚಿಗೆ ದೊಡ್ಡ ಹೊಲಿಗೆ ಹಾಕಿ ದಾರದ ಒಂದು ತುದಿಯನ್ನು ಹಿಡಿದೆಳೆದರೆ ನೆರಿಗೆ ಬೀಳುತ್ತದಲ್ಲವೇ? ದಾರದ ಒಂದು ತುದಿ ನಾಲಿಗೆಗೆ ಸಿಕ್ಕಿಕೊಂಡಿದೆ, ಇನ್ನೊಂದು ತುದಿ ಕರುಳಿಗೆ ಇಳಿದಿದೆ. ಕರುಳು ಅದನ್ನು ಮುಂದೆ ತಳ್ಳಲು ಹೆಣಗಿದಷ್ಟೂ ತಾನೇ ನೆರಿಗೆಯಾಗಿ ಮುದುಡುತ್ತದೆ. ಬಿಗಿಯಾದ ದಾರ ಗರಗಸದಂತೆ ಕರುಳಿನ ಒಳಮಗ್ಗುಲನ್ನು ಕೊರೆಯುತ್ತದೆ. ಹೊರಗಿನಿಂದ ಎಳೆದರೆ ಇನ್ನೂ ಬೇಗ ಕೊರೆಯುತ್ತದೆ. ತೂತು ಬಿದ್ದು ಒಳಗಿನದು ಹೊಟ್ಟೆಗೆ ಸೋರಿದರೆ ನಂಜಾಗಿ ಜೀವ ಉಳಿಯುವುದೇ ಕಷ್ಟ.

ನಾಲಿಗೆಯ ಬಳಿ ದಾರವನ್ನು ಕತ್ತರಿಸಿ, ಜಠರ ಮತ್ತು ಕರುಳನ್ನು ಕೆಲವು ಕಡೆ ಸೀಳಿ ತುಂಡು ತುಂಡಾಗಿ ಅದನ್ನು ತೆಗೆಯಬೇಕು. ಕೆಟ್ಟುಹೋದ ಭಾಗವಿದ್ದರೆ ಕತ್ತರಿಸಿ ತುದಿಗಳನ್ನು ಜೋಡಿಸಬೇಕು. ಆ ವೈದ್ಯರಿಗೆ ಇದೆಲ್ಲ ಗೊತ್ತಿತ್ತು. ಆದರೆ ಅವರ ಬಳಿ ಸ್ಕ್ಯಾನಿಂಗ್ ಯಂತ್ರವಿರಲಿಲ್ಲ, ಚಿಕ್ಕ ಪ್ರಾಣಿಗೆ ಅರಿವಳಿಕೆಯ ಅನಿಲ ಕೊಡುವ ಉಪಕರಣವಿರಲಿಲ್ಲ, ಆಪರೇಷನ್ ಮುಗಿದ ಮೇಲೆ ರಾತ್ರಿಯಿಡೀ ಸಲೈನ್ ನೋಡಿಕೊಳ್ಳುವ ಒಬ್ಬ ಸಿಬ್ಬಂದಿಯೂ ಇರಲಿಲ್ಲ. ತಲೆ ತಗ್ಗಿಸಿ ಚೀಟಿ ಬರೆದುಕೊಟ್ಟರು. ಆ ಮನುಷ್ಯನ ಮುಖ ನನಗೆ ಇನ್ನೂ ಮರೆತಿಲ್ಲ.

ಆರೂವರೆ ಸಾವಿರ ಕೊಟ್ಟು ಬಾಡಿಗೆ ಕಾರು ಹಿಡಿದು ದೂರದ ಆಸ್ಪತ್ರೆಗೆ ಹೋದೆವು. ಮೂರನೆಯ ದಿನ ಬೆಳಿಗ್ಗೆ ಆಪರೇಷನ್ ಆಯಿತು. ಅಷ್ಟರಲ್ಲಿ ಕರುಳಿಗೆ ಮೂರು ಕಡೆ ತೂತು ಬಿದ್ದಿತ್ತು. ಎರಡು ರಾತ್ರಿ ಕಳೆದು ಗೌರಿ ನನ್ನ ಸೆರಗಿನಲ್ಲೇ ಸತ್ತಿತು.

ಸಚಿವರೇ, ನಾಯಿಗಳು ಮಾವಿನ ಗೊರಟೆ, ಮೆಕ್ಕೆಜೋಳದ ದಿಂಡು, ಮಕ್ಕಳ ಕಾಲುಚೀಲ, ರಬ್ಬರ್ ಚೆಂಡು ನುಂಗುತ್ತವೆ. ಇವುಗಳಲ್ಲಿ ಬಹಳಷ್ಟು ಸಾಮಾನ್ಯ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ, ಅದಕ್ಕೇ ಸ್ಕ್ಯಾನಿಂಗ್ ಬೇಕು. ವಸ್ತು ಇನ್ನೂ ಜಠರದಲ್ಲಿದ್ದಾಗ ಎಂಡೋಸ್ಕೋಪ್ (ಬಾಯಿಯಿಂದ ಒಳಗೆ ಇಳಿಸುವ ಕ್ಯಾಮೆರಾ ಕೊಳವೆ) ಇದ್ದರೆ, ಎಷ್ಟೋ ಸಲ ಹೊಟ್ಟೆ ಕೊಯ್ಯದೆಯೇ ಬಾಯಿಯಿಂದ ಹೊರತೆಗೆಯಬಹುದು. ಕರುಳಿಗೆ ಇಳಿದು ಸಿಕ್ಕಿಕೊಂಡಿತೋ, ಆಮೇಲೆ ಗಂಟೆ ಗಂಟೆಗೂ ಬೆಲೆ.

1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಒಳ್ಳೆಯ ವ್ಯವಸ್ಥೆ, ನಮ್ಮ ಓಣಿಯ ಎಮ್ಮೆಗಳಿಗೆ ಉಪಕಾರವಾಗಿದೆ. ಕರುಳು ಕೊಯ್ದು ಹೊಲಿಯುವ ಕೆಲಸ ವಾಹನದಲ್ಲಿ ಆಗುವಂಥದ್ದಲ್ಲ.

ದನಕರುಗಳಿಗೇ ಸೌಲಭ್ಯ ಸಾಲದಿರುವಾಗ ಬೆಕ್ಕಿನದೇನು ಎಂದು ಕೇಳುವವರಿದ್ದಾರೆ. ನನ್ನ ಅಣ್ಣನೇ ಕೇಳಿದ. ಸಂತೆ ಮುಗಿದ ಮೈದಾನಕ್ಕೆ ಒಮ್ಮೆ ಬಂದು ನೋಡಿ. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಆದರೂ ನಮ್ಮ ಆಕಳುಗಳು ಉಳಿದ ಅನ್ನದ ವಾಸನೆಗೆ ಚೀಲವನ್ನೇ ಮೆಲ್ಲುತ್ತವೆ. ಆಕಳಿನ ಹೊಟ್ಟೆಗೆ ನಾಲ್ಕು ಭಾಗ; ಚೀಲ ಮೊದಲ ಹೊಟ್ಟೆಯಲ್ಲಿ ಗಂಟಾಗಿ ಕೂರುತ್ತದೆ. ತಂತಿ, ಮೊಳೆ ನುಂಗಿದರೆ ಅದು ಎರಡನೆಯ ಹೊಟ್ಟೆಯನ್ನು ಚುಚ್ಚಿಕೊಂಡು ಹೃದಯದ ಪೊರೆಯವರೆಗೂ ಹೋಗಬಲ್ಲದು. ಅವಕ್ಕೂ ಹೊಟ್ಟೆ ತೆರೆಯುವ ಆಪರೇಷನ್ನೇ ಬೇಕು. ಬೆಕ್ಕಿಗೆಂದು ತಂದ ಸ್ಕ್ಯಾನಿಂಗ್ ಯಂತ್ರ ಆಡಿಗೂ ಆಗುತ್ತದೆ, ಆಕಳಿಗೂ ಆಗುತ್ತದೆ.

ನಮ್ಮ ಭಾಗದಲ್ಲಿ ವಿದ್ಯೆಗೇನೂ ಬರವಿಲ್ಲ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಬೀದರಿನಲ್ಲಿ, ಪಶುವೈದ್ಯಕೀಯ ಕಾಲೇಜೂ ಅಲ್ಲಿದೆ. ಯಾದಗಿರಿಯಿಂದ ಕಲಬುರಗಿ ಹಾದು ಅಲ್ಲಿಗೆ ಹೋಗಲು ಇನ್ನೂರು ಕಿಲೋಮೀಟರಿನ ಆಸುಪಾಸು ದಾರಿ. ವಾಂತಿ ಮಾಡಿ ಮಾಡಿ ಒಣಗಿದ ಜೀವ ಆ ದಾರಿಯನ್ನು ತಾಳಬೇಕೇ? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಅದಕ್ಕೆ ಅನುದಾನವೂ ಬರುತ್ತದೆ.

ಮಂಡಳಿಯ ಮುಂದಿನ ಕ್ರಿಯಾ ಯೋಜನೆಯಲ್ಲಿ ಯಾದಗಿರಿ ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಗೆ ಒಂದು ಸುಸಜ್ಜಿತ ಆಪರೇಷನ್ ಕೊಠಡಿ, ಸ್ಕ್ಯಾನಿಂಗ್, ಅನಿಲ ಅರಿವಳಿಕೆ, ರಾತ್ರಿ ಪಾಳಿಯ ಇಬ್ಬರು ಸಿಬ್ಬಂದಿಯನ್ನು ಸೇರಿಸಿ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಓದುತ್ತಿರುವ ವೈದ್ಯರನ್ನು ಸರದಿಯ ಮೇಲೆ ಇಲ್ಲಿಗೆ ಕಳುಹಿಸುವಂತೆ ವಿಶ್ವವಿದ್ಯಾಲಯದೊಂದಿಗೆ ಮಾತನಾಡಿ. ಚೀಟಿ ಬರೆದುಕೊಟ್ಟ ಆ ವೈದ್ಯರಂಥವರನ್ನು ಮೊದಲು ತರಬೇತಿಗೆ ಕಳುಹಿಸಿ, ಅವರಿಗೆ ಕೆಲಸ ಬರುತ್ತದೆ, ಮನಸ್ಸೂ ಇದೆ.

ಮುಂದಿನ ಬಾರಿ ನೀವು ಜಿಲ್ಲಾ ಪ್ರಗತಿ ಪರಿಶೀಲನಾ ಸಭೆಗೆ ಬಂದಾಗ ಈ ಪತ್ರದ ಪ್ರತಿಯನ್ನು ಕೈಯಾರೆ ಕೊಡಲು ಬರುತ್ತೇನೆ. ಅಂದು ಅಂಗಡಿ ಮುಚ್ಚಿರುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ಯಾದಗಿರಿ ಜಿಲ್ಲೆಯ ಒಬ್ಬ ಹೊಲಿಗೆಯವಳು