ಗೊಂಬೆ ಕೆಲಸದವರನ್ನು ಕರೆಸಿ ಕೂರಿಸಿದ್ದು ಯಾಕೆ?

ಮಾನ್ಯರೇ,

ಮೊನ್ನೆ ಚನ್ನಪಟ್ಟಣದಲ್ಲಿ ನಡೆದ ಸಭೆಯ ವರದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. 'ಕುಶಲಕರ್ಮಿಗಳ ಜೊತೆ ಸಂವಾದ' ಎಂದು ಬರೆದಿದ್ದೀರಿ. ಎಲ್ಲಿಯ ಸಂವಾದ? ನಾನು ಮೂರನೇ ಸಾಲಲ್ಲೇ ಕೂತಿದ್ದೆ. ನಮ್ಮಲ್ಲಿ ಒಬ್ಬರ ಕೈಗೂ ಮೈಕ್ ಬರಲಿಲ್ಲ.

ಬೆಳಿಗ್ಗೆ 10ಕ್ಕೆ ಬನ್ನಿ ಅಂದರು. ಮರ ಕಡೆಯುವ ಲೇತ್ ಯಂತ್ರ ನಿಲ್ಲಿಸಿ ಹೋದೆ. ಸಾಹೇಬರು ಬಂದಿದ್ದು ಒಂದೂವರೆಗೆ. ಕಲೆ ಬೆಳೆದರೆ ದೇಶದ ವ್ಯಾಪಾರ ಬೆಳೆಯುತ್ತದೆ, ಹೊಸ ಹೊಸ ಯೋಚನೆ ಹುಟ್ಟುತ್ತದೆ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಮಾತು ನಿಜವೇ. ಆದರೆ ಅತಿಥಿಗಳಿಗೆ ಕೊಟ್ಟ ನೆನಪಿನ ಕಾಣಿಕೆ ಪ್ಲಾಸ್ಟಿಕ್‌ದು! ಚನ್ನಪಟ್ಟಣದಲ್ಲಿ, ನಮ್ಮ ಕಣ್ಣೆದುರಿಗೇ! ಹೊಟ್ಟೆ ಉರಿಯಿತು.

ಅರ್ಧ ದಿನದ ಕೆಲಸ ಹೋಯಿತು. ಮನೆಗೆ ಬಂದು ಕೂತರೆ 4 ಗಂಟೆಗೆ ಕರೆಂಟ್ ಹೋಯಿತು. ಮಗುವಿನ ಗಿಲಕಿಗೆ ಹಳದಿ ಹಾಕುತ್ತಿದ್ದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಆಮೇಲೆ ತಾಳೆಗರಿ ಒತ್ತಿ ಹೊಳಪು ಬರಿಸಬೇಕು. ನಡುವೆ ಲೇತ್ ನಿಂತರೆ ಬಣ್ಣ ಗಂಟುಗಂಟಾಗಿ ಕೂರುತ್ತದೆ. ಕೆರೆದು ಮತ್ತೆ ಮೊದಲಿಂದ ಹಾಕಬೇಕು. ಮರುದಿನ ಬೆಂಗಳೂರಿಗೆ ಕಳಿಸಬೇಕಿದ್ದ ಮಾಲು ಹಾಗೇ ಉಳಿಯಿತು. ಬೈಸಿಕೊಂಡವನು ನಾನು.

ಹೊಸದು ಮಾಡಿ ಅಂತಾರಲ್ಲ ಸಾಹೇಬರು, ನಾವೇನು ಇನ್ನೂ ಹಳೇ ಗೊಂಬೆಯಲ್ಲೇ ನಿಂತಿದ್ದೇವಾ? ಬಳೆ, ಮಣಿಸರ, ದೀಪದ ಬುಡ, ಮಕ್ಕಳಿಗೆ ಲೆಕ್ಕ ಕಲಿಸುವ ಆಟಿಕೆ, ಎಲ್ಲ ಇದೇ ಲೇತ್‌ನಲ್ಲಿ ಆಗುತ್ತಿದೆ. ಡಿಸೈನ್ ಓದಿದ ಮಕ್ಕಳು ಚಿತ್ರ ಬರೆದು ತರುತ್ತಾರೆ. ಅದು ನಾವು ಗೊಂಬೆಗೆ ಬಳಸುವ ಆಲೆಮರದಲ್ಲಿ ನಿಲ್ಲುತ್ತೋ ಇಲ್ಲವೋ ಹೇಳುವುದು ನಮ್ಮ ಕೈ. ಹೊಸದು ಹುಟ್ಟುವುದು ಹೀಗೇ ಅಲ್ವಾ? ಮರ ತರುವವರಿಂದ ಅಂಗಡಿಯವರ ತನಕ ಎಷ್ಟು ಮನೆಯ ಒಲೆ ಇದರಿಂದ ಉರಿಯುತ್ತಿದೆ!

2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ನಮ್ಮೂರ ಹೆಸರು ಹೇಳಿದಾಗ ಖುಷಿಪಟ್ಟೆವು. ಹೊರದೇಶದ ಆಟಿಕೆ ಮೇಲಿನ ಸುಂಕ ಆ ವರ್ಷ 20ರಿಂದ 60 ಪರ್ಸೆಂಟ್ ಆಯಿತು, ಆಮೇಲೆ 70. ಅದು ಒಳ್ಳೆಯದೇ. ಆದರೆ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಊರೊಳಗೆ ಬರದೆ ಹೊರಗಿಂದಲೇ ಹೋಯಿತು. ಹಳೇ ರಸ್ತೆಯ ಅಂಗಡಿಗಳ ಮುಂದೆ ಮೈಸೂರಿನ ಕಾರುಗಳು ನಿಲ್ಲುವುದೇ ಕಡಿಮೆಯಾಗಿದೆ. ಇದನ್ನು ಹೇಳೋಣ ಅಂತಲೇ ನಾನು ಆ ಸಭೆಗೆ ಹೋಗಿದ್ದು.

ಕುಶಲಕರ್ಮಿಗಳಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯ ಕತೆ ಬೇರೆ. ಮೂರು ಸಲ ಜೆರಾಕ್ಸ್ ಕೊಟ್ಟಿದ್ದೇನೆ. ಮೂರು ಸಲವೂ 'ನಾಳೆ ಬಾ'. ನಮ್ಮಪ್ಪನನ್ನೂ ಹೀಗೇ ಅಲೆಸಿದ್ದರು. ಕುರ್ಚಿಯಲ್ಲಿ ಕೂತವರು ಬದಲಾದರು, ಮಾತು ಬದಲಾಗಲಿಲ್ಲ.

ಸಾಹೇಬರೇ, ಮೊದಲು ಹಗಲು ಹೊತ್ತು ಕರೆಂಟ್ ಕೊಡಿ. ಹೆದ್ದಾರಿಯಿಂದ ಜನ ಊರೊಳಗೆ ಬರುವ ಹಾಗೆ ಏನಾದರೂ ಮಾಡಿ. ಅದೂ ಆಗದಿದ್ದರೆ ನಮ್ಮನ್ನು ಸುಮ್ನೆ ಸಭೆಗೆ ಕರೆಯುವುದನ್ನಾದರೂ ಬಿಡಿ. ಕರೆದರೆ ಹೇಳಿದ ಹೊತ್ತಿಗೆ ಬನ್ನಿ. ಗೊಂಬೆ ಊರಿಗೆ ಪ್ಲಾಸ್ಟಿಕ್ ಹೊತ್ತು ತಂದವರಿಗೆ ನಾಚಿಕೆಯಾಗಬೇಕು.

– ಒಬ್ಬ ಗೊಂಬೆ ಕೆಲಸಗಾರ, ಚನ್ನಪಟ್ಟಣ