ವಿ10 ಒಂದೇ ಅಸಲಿ ಎಂಜಿನ್ ಅಲ್ಲ

ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಫಾರ್ಮುಲಾ 1 ಬರಹ ಓದಿದೆ. ವಿ10 (V ಆಕಾರದಲ್ಲಿ ಹತ್ತು ಸಿಲಿಂಡರ್ ಜೋಡಿಸಿದ ಎಂಜಿನ್) ಹೋಯ್ತು, ರೇಸಿನ ಮಜಾನೂ ಹೋಯ್ತು ಅನ್ನುವ ಧಾಟಿ. ಸದ್ದಿನ ವಿಷಯಕ್ಕೆ ನಾನೂ ಹೂಂ ಅನ್ನುತ್ತೇನೆ. ಆದರೆ ವಿ10 ಮೆರೆದದ್ದು 1989ರಿಂದ 2005ರವರೆಗೆ ಅಷ್ಟೇ. ಅದಕ್ಕೂ ಮೊದಲಿನ ಸುಮಾರು ನಲವತ್ತು ವರ್ಷದ ಬಗ್ಗೆ ಒಂದು ಸಾಲೂ ಇಲ್ಲವಲ್ಲ!

1950ರಲ್ಲಿ ಮೊದಲ ಚಾಂಪಿಯನ್‌ಶಿಪ್ ಗೆದ್ದ ಆಲ್ಫಾ ರೋಮಿಯೋದಲ್ಲಿ ಇದ್ದದ್ದು ಒಂದೇ ಸಾಲಿನ ಎಂಟು ಸಿಲಿಂಡರ್, ಬರೀ ಒಂದೂವರೆ ಲೀಟರ್, ಜೊತೆಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್. 1952ರಲ್ಲಿ ಇಟಲಿಯ ಚಾಲಕ ಅಸ್ಕಾರಿ ಚಾಂಪಿಯನ್ ಆದದ್ದು ನಾಲ್ಕೇ ಸಿಲಿಂಡರಿನ ಫೆರಾರಿಯಲ್ಲಿ. 1966ಕ್ಕೆ ಎಂಜಿನ್ 3 ಲೀಟರ್‌ವರೆಗೆ ಇರಬಹುದು ಅನ್ನುವ ನಿಯಮ ಬಂತು ನೋಡಿ, ಬ್ರಿಟನ್ನಿನ ಬಿಆರ್‌ಎಂ ತಂಡದವರು ಎಚ್16 ಅನ್ನುವ ವಿಚಿತ್ರ ಎಂಜಿನ್ ಮಾಡಿದರು. ಅಡ್ಡ ಮಲಗಿಸಿದ ಎಂಟು ಸಿಲಿಂಡರಿನ ಎರಡು ಎಂಜಿನ್ ಒಂದರ ಮೇಲೊಂದು, ಎರಡು ಕ್ರ್ಯಾಂಕ್, ಎರಡನ್ನೂ ಕೂಡಿಸೋಕೆ ಗೇರು. ಹೆಣಭಾರ, ಮೇಲಿಂದ ಪದೇ ಪದೇ ಕೈಕೊಡುತ್ತಿತ್ತು. ಗೆದ್ದದ್ದು ಒಂದೇ ರೇಸ್, ಅದೂ ಲೋಟಸ್ ಕಾರಿನಲ್ಲಿ ಜಿಮ್ ಕ್ಲಾರ್ಕ್‌ನಂಥ ಚಾಲಕ ಕೂತಿದ್ದಕ್ಕೆ!

ಮರುವರ್ಷ ಬಂದ ಕಾಸ್‌ವರ್ತ್ ಕಂಪನಿಯ ಡಿಎಫ್‌ವಿ ಎಂಜಿನ್ ಇದಕ್ಕೆ ಪೂರ್ತಿ ಉಲ್ಟಾ. ನಮ್ಮ ಹುಬ್ಬಳ್ಳಿ ಗೋಕುಲ ರೋಡಿನ ಗ್ಯಾರೇಜಿನವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ಟ್ರ್ಯಾಕ್ಟರಿಗೆ ಕ್ಲಚ್ ಪ್ಲೇಟ್ ಹಾಕಬೇಕಾದರೆ ಗಾಡಿಯನ್ನೇ ನಡುವೆ ಬಿಚ್ಚಿ ಎರಡು ತುಂಡು ಮಾಡುತ್ತಾರೆ ಅಲ್ವಾ, ಯಾಕಂದರೆ ಅಲ್ಲಿ ಎಂಜಿನ್ನು, ಗೇರ್‌ಬಾಕ್ಸೇ ಚಾಸಿಸ್. ಡಿಎಫ್‌ವಿ ಹಾಕಿದ ಲೋಟಸ್ 49 ಕಾರು ಕೂಡ ಹಾಗೇ. ಚಾಲಕನ ಬೆನ್ನ ಹಿಂದೆ ಎಂಜಿನ್ನಿಗೆ ಬೋಲ್ಟ್ ಹೊಡೆದರು, ಹಿಂದಿನ ಚಕ್ರದ ಭಾರವೆಲ್ಲ ಅದರ ಮೇಲೇ. ಗಿಡ್ಡ, ಗಟ್ಟಿ ವಿ8 ಆಗಿದ್ದಕ್ಕೆ ತಡೆಯಿತು. ನೆದರ್ಲೆಂಡ್ಸ್‌ನ ಝಾಂಡ್‌ವೂರ್ಟ್‌ನಲ್ಲಿ ಇಳಿದ ಮೊದಲ ರೇಸೇ ಗೆದ್ದಿತು, ಮುಂದೆ 1983ರವರೆಗೂ ಗೆಲ್ಲುತ್ತಲೇ ಇತ್ತು.

1977ರಲ್ಲಿ ರೆನೋ, ಹೊಗೆಯ ರಭಸದಿಂದಲೇ ಗಾಳಿ ತುಂಬಿಕೊಳ್ಳುವ ಟರ್ಬೊ ವಿ6 ತಂದಾಗ ಅದು ಹೊಗೆ ಉಗುಳೋದನ್ನು ನೋಡಿ ನಕ್ಕರು. ಆರೇ ವರ್ಷಕ್ಕೆ ಬ್ರೆಜಿಲ್‌ನ ನೆಲ್ಸನ್ ಪಿಕೆ ಚಾಂಪಿಯನ್ ಆದದ್ದು ಬಿಎಂಡಬ್ಲ್ಯು ಟರ್ಬೊದಲ್ಲಿ. ನಾಲ್ಕು ಸಿಲಿಂಡರ್, ರಸ್ತೆ ಮೇಲೆ ಓಡುವ ಮಾಮೂಲಿ ಕಾರಿನ ಬೀಡು ಕಬ್ಬಿಣದ ಬ್ಲಾಕು!

1991ರಲ್ಲಂತೂ ಒಂದೇ ರೇಸಿನಲ್ಲಿ ಹೋಂಡಾ ವಿ12, ರೆನೋ ವಿ10, ಫೋರ್ಡ್ ವಿ8 ಓಡುತ್ತಿದ್ದವು. ಯಾವುದರ ಲೆಕ್ಕಾಚಾರ ಸರಿ ಅಂತ ನೋಡೋದೇ ಒಂದು ಮಜಾ. 2000ದಲ್ಲಿ ಎಲ್ಲರೂ ಹತ್ತು ಸಿಲಿಂಡರೇ ಹಾಕಬೇಕು ಅಂತ ನಿಯಮ ಬಂತು, 2006ಕ್ಕೆ ವಿ8, 2014ಕ್ಕೆ ವಿ6. ನನ್ನ ತಕರಾರು ಇಲ್ಲಿದೆ. ವಿ10 ಹೋಗಿದ್ದಕ್ಕಲ್ಲ, ಎಲ್ಲರಿಗೂ ಒಂದೇ ಅಚ್ಚು ಹೊಡೆದಿದ್ದಕ್ಕೆ. ಖರ್ಚು ಜಾಸ್ತಿ ಆಗುತ್ತೆ ಅನ್ನುತ್ತಾರೆ, ಆದರೆ ಖರ್ಚಿಗೆ ಈಗ ಹೇಗೂ ಮಿತಿ ಇದೆ, ಇಂಧನಕ್ಕೂ ಮಿತಿ ಇದೆ. ಅಷ್ಟರೊಳಗೆ ಎಷ್ಟು ಸಿಲಿಂಡರ್, ಯಾವ ಆಕಾರ ಅನ್ನೋದನ್ನು ಮಾಡುವವರಿಗೇ ಬಿಟ್ಟುಬಿಡಲಿ.

ಇನ್ನೊಂದು. ನೀವು ರೇಸಿನ ಫಲಿತಾಂಶ ಹಾಕುವಾಗ ಚಾಲಕ, ತಂಡದ ಜೊತೆ ಎಂಜಿನ್ ಯಾರದು ಅಂತಲೂ ಹಾಕಿ. ಒಂದು ಕಾಲಂ ಜಾಗ ಸಾಕು.

– ಒಬ್ಬ ಓದುಗ, ಹುಬ್ಬಳ್ಳಿ