ಓಗಿಯನ್ ಏನೂ ಕಲಿಸಲಿಲ್ಲ ಅಂದೆಯಲ್ಲ

ಪ್ರೀತಿಯ ಗೆಳೆಯಾ,

ಅರ್ಥ್‌ಸೀ ಸರಣಿಯ ಮೊದಲ ಪುಸ್ತಕ ಮುಗಿಸಿ ನೀನು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಾಂತ್ರಿಕ ಓಗಿಯನ್ ಗೆಡ್‌ಗೆ ಏನೂ ಕಲಿಸಲೇ ಇಲ್ಲ, ಆದರೂ ಜನ ಈ ಗುರು ಶಿಷ್ಯರನ್ನು ಯಾಕೆ ಇಷ್ಟೊಂದು ಹಚ್ಚಿಕೊಂಡಿದ್ದಾರೆ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು.

ಅರ್ಸುಲಾ ಲೆ ಗ್ವಿನ್ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಬರೆದದ್ದು 1968ರಲ್ಲಿ. ಆವರೆಗೆ ಕಥೆಗಳಲ್ಲಿ ಮಾಂತ್ರಿಕ ಅಂದರೆ ಬಿಳಿ ಗಡ್ಡದ ಮುದುಕನೇ. ಅವನೂ ಒಂದು ಕಾಲದಲ್ಲಿ ಹುಡುಗನಾಗಿದ್ದನಲ್ಲ, ಆಗ ಹೇಗೆ ಕಲಿತಿರಬಹುದು? ಈ ಯೋಚನೆಯಿಂದಲೇ ಗೆಡ್ ಹುಟ್ಟಿದ. ತಾಯಿಯಿಲ್ಲದ ಹುಡುಗ, ತಂದೆ ಮಾತೇ ಆಡದ ಕಂಚುಗಾರ. ಮಂಜು ಕವಿಸಿ ದಾಳಿಕೋರರಿಂದ ಊರನ್ನು ಉಳಿಸಿದ ಮೇಲೆ ಅನ್ನ ನಿದ್ದೆ ಮಾತು ಯಾವುದೂ ಇಲ್ಲದೆ ಬಿದ್ದಿದ್ದವನನ್ನು ಓಗಿಯನ್ ಬಂದು ಮುಟ್ಟಿ ಎಬ್ಬಿಸುತ್ತಾನೆ. ಹದಿಮೂರು ತುಂಬಿದಾಗ ನಿಜ ಹೆಸರು ಕೊಟ್ಟು ಜೊತೆಗೆ ಕರೆದುಕೊಂಡು ಹೋಗುತ್ತಾನೆ.

ಅಲ್ಲಿಂದ ಓಗಿಯನ್‌ನ ಊರು ರೇ ಆಲ್ಬಿಗೆ ನಡೆದುಕೊಂಡು ಹೋಗುತ್ತಾರಲ್ಲ, ಆ ಕೆಲವು ಪುಟಗಳನ್ನು ಇನ್ನೊಮ್ಮೆ ಓದು. ದಿನಗಳು ಕಳೆದರೂ ಗುರು ಒಂದು ಮಂತ್ರವನ್ನೂ ಹೇಳುವುದಿಲ್ಲ. ಪಾಠ ಯಾವಾಗ ಶುರು ಅಂತ ಹುಡುಗ ಕೇಳಿದರೆ, ಆಗಲೇ ಶುರುವಾಗಿದೆ ಅನ್ನುತ್ತಾನೆ. ದಾರಿಯಲ್ಲಿ ಕಂಡ ಒಂದು ಗಿಡ ಯಾವ ಉಪಯೋಗಕ್ಕೆ ಅಂತ ಕೇಳಿದರೆ, ನಿನ್ನದೇನು ಉಪಯೋಗ, ನನ್ನದೇನು ಅಂತ ತಿರುಗಿ ಕೇಳುತ್ತಾನೆ. ಮಳೆ ಬರುತ್ತದೆ. ಅವರ ಗಾಂಟ್ ದ್ವೀಪದ ಸಾಮಾನ್ಯ ಮಾಂತ್ರಿಕರೂ ಮೋಡವನ್ನು ಪಕ್ಕದವರ ತಲೆ ಮೇಲೆ ಅಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಇವನು ಮಳೆಯನ್ನು ಅದರ ಪಾಡಿಗೆ ಸುರಿಯಲು ಬಿಟ್ಟು, ದಟ್ಟವಾದ ಒಂದು ಮರ ಹುಡುಕಿ, ಅದರ ಕೆಳಗೆ ಸುಮ್ನೆ ಮಲಗುತ್ತಾನೆ. ಗೆಡ್‌ಗೆ ಉರಿದುಹೋಗುತ್ತದೆ. ಮಳೆ ನಿಲ್ಲಿಸಲಾಗದಿದ್ದರೆ ಆ ಶಕ್ತಿ ಇದ್ದು ಏನು ಬಂತು ಅಂತ. ನೀನು ಕೇಳಿದ್ದೂ ಇದನ್ನೇ ಅಲ್ವಾ? ಓದುವಾಗ ನಾವೆಲ್ಲ ಹುಡುಗನ ಪಕ್ಷವೇ. ಅಲ್ಲೇ ಲೆ ಗ್ವಿನ್ ನಮ್ಮನ್ನು ಹಿಡಿಯುತ್ತಾರೆ. ಗೆಡ್‌ಗೆ ಅರ್ಥವಾಗಲು ಎಷ್ಟು ಕಾಲ ಬೇಕಾಯಿತೋ ನಮಗೂ ಅಷ್ಟೇ ಬೇಕು.

ಆದರೆ ನಾನು ಓಗಿಯನ್‌ನನ್ನು ಪ್ರೀತಿಸುವುದು ಅವನ ತಿಳಿವಳಿಕೆಗಾಗಿ ಅಲ್ಲ. ತಿಳಿದವರು ಕಥೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಗೆಡ್ ಕದ್ದು ಓದಿದ ಮಂತ್ರದಿಂದ ಬಾಗಿಲಲ್ಲಿ ಒಂದು ಕರಾಳ ನೆರಳು ಬಂದು ನಿಂತ ರಾತ್ರಿ ಗುರು ಎಚ್ಚರಿಸುತ್ತಾನೆ, ಆದರೆ ಹಂಗಿಸುವುದಿಲ್ಲ. ಇಲ್ಲೇ ಇರುತ್ತೀಯಾ, ರೋಕ್ ದ್ವೀಪದ ಶಾಲೆಗೆ ಹೋಗುತ್ತೀಯಾ, ನೀನೇ ಆರಿಸಿಕೋ ಅನ್ನುತ್ತಾನೆ. ತಾನು ಈ ಮನುಷ್ಯನನ್ನು ಪ್ರೀತಿಸುತ್ತೇನೆ ಅಂತ ಗೆಡ್‌ಗೆ ತಿಳಿಯುವುದು ಆ ಕ್ಷಣದಲ್ಲೇ. ಆದರೂ ಹೊರಡುತ್ತಾನೆ, ಕೀರ್ತಿ ಬೇಕಲ್ಲ. ಓಗಿಯನ್ ತಡೆಯುವುದಿಲ್ಲ. ಶಾಲೆಯ ಹಿರಿಯನಿಗೆ ಕಾಗದ ಬರೆದು, ಈ ಹುಡುಗ ಗಾಂಟ್ ದ್ವೀಪದ ಮಾಂತ್ರಿಕರಲ್ಲೇ ದೊಡ್ಡವನಾಗಬಹುದು ಅಂತ ಹೇಳಿ ಕಳಿಸುತ್ತಾನೆ. ಅಂದರೆ ತನಗಿಂತಲೂ ದೊಡ್ಡವನು. ನಮ್ಮ ದ್ರೋಣ ಹೆಬ್ಬೆರಳು ಕೇಳಿದ. ಇವನು ಏನನ್ನೂ ಕೇಳಲಿಲ್ಲ.

ವರ್ಷಗಳ ಮೇಲೆ ಗೆಡ್, ಬೆನ್ನುಹತ್ತಿದ ಆ ನೆರಳಿನಿಂದ ತಪ್ಪಿಸಿಕೊಂಡು, ಗಿಡುಗನ ರೂಪದಲ್ಲಿ ಓಡಿ ಬರುತ್ತಾನೆ. ತಾನು ಮನುಷ್ಯ ಅನ್ನುವುದೇ ಹೆಚ್ಚುಕಡಿಮೆ ಮರೆತುಹೋಗಿರುತ್ತದೆ. ರೋಕ್‌ನಲ್ಲಿ ಅಷ್ಟು ಗುರುಗಳಿದ್ದರೂ ಆ ಹಕ್ಕಿ ಹುಡುಕಿಕೊಂಡು ಬಂದದ್ದು ಓಗಿಯನ್‌ನ ಕೈಯನ್ನು. ಅವನೂ ಗುರುತು ಹಿಡಿಯುತ್ತಾನೆ, ಹೆಸರಿಟ್ಟವನೇ ಅವನಲ್ಲವೇ. ನಾನು ಹೇಳಿರಲಿಲ್ಲವಾ ಅನ್ನುವ ಒಂದು ಮಾತೂ ಅವನ ಬಾಯಿಂದ ಬರುವುದಿಲ್ಲ. ಆರೈಕೆ ಮಾಡುತ್ತಾನೆ, ಹೊಸ ಕೋಲು ಕೆತ್ತಿ ಕೊಡುತ್ತಾನೆ, ಓಡುವುದನ್ನು ಬಿಟ್ಟು ತಿರುಗಿ ನಿಲ್ಲು ಅನ್ನುತ್ತಾನೆ. ಬೆಳಗಾದಾಗ ಗೆಡ್ ಇರುವುದಿಲ್ಲ. ಬೇಟೆಗೆ ಹೊರಟೆ ಅಂತ ಒಲೆಯ ಕಲ್ಲಿನ ಮೇಲೆ ಬರೆದ ಅಕ್ಷರಗಳು ಓಗಿಯನ್ ಓದುತ್ತಿರುವಾಗಲೇ ಮಾಸಿಹೋಗುತ್ತವೆ. ಆ ಸಾಲು ಬಂದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಓಗಿಯನ್ ಭೂಕಂಪವನ್ನು ಒಬ್ಬನೇ ನಿಲ್ಲಿಸಿದ ಅಂತ ಮೊದಲ ಪುಸ್ತಕದಲ್ಲಿ ಬರುತ್ತದಲ್ಲ? 2001ರ ಕಥಾಸಂಕಲನದಲ್ಲಿ ಅದರ ನಿಜ ಕಥೆ ಇದೆ. ಆಗ ಓಗಿಯನ್ ತರುಣ. ಅವನ ಗುರು ಡಲ್ಸ್ ಬೆಟ್ಟದೊಳಗೆ ಇಳಿದು, ಬೆಟ್ಟದಲ್ಲೇ ಒಂದಾಗಿ ಅದನ್ನು ಹಿಡಿದು ನಿಲ್ಲಿಸುತ್ತಾನೆ. ಶಿಷ್ಯ ಹೊರಗಿನಿಂದ ಬಂದರಿನ ಬಂಡೆಗಳನ್ನು ಕಾಯುತ್ತಾನೆ. ಇದು ಗುರುವಿನ ಕೆಲಸ ಅಂತ ಓಗಿಯನ್ ಹೇಳಿದರೂ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಅದನ್ನು ಓದಿದ ಮೇಲೆ ಆ ಮರದ ಕೆಳಗೆ ಮಲಗಿದವನ ಮೌನ ನನಗೆ ಬೇರೆಯದೇ ಆಗಿ ಕಂಡಿತು. ಮೊದಲ ಪುಸ್ತಕ ಬಂದು ಮೂವತ್ತು ವರ್ಷ ದಾಟಿದ ಮೇಲೂ ಲೆ ಗ್ವಿನ್ ಈ ಮನುಷ್ಯನ ಕಡೆಗೆ ಮರಳಿ ಬಂದರು. ಅವರಿಗೂ ಅವನ ಮೇಲೆ ಅಷ್ಟು ಮಮತೆ.

ಎರಡನೆಯ ಪುಸ್ತಕ ಕೈಗೆತ್ತಿಕೊಂಡರೆ ತಾಳ್ಮೆ ಇರಲಿ. ಸುಮಾರು ಅರ್ಧದವರೆಗೆ ಗೆಡ್ ಕಾಣುವುದೇ ಇಲ್ಲ, ಕಥೆ ಟೆನಾರ್ ಎಂಬ ಹುಡುಗಿಯದು. ಗೋರಿಗಳ ಕತ್ತಲೆಯಿಂದ ಹೊರಬಂದ ಅವಳಿಗೆ ಹೋಗಲು ಒಂದು ಜಾಗ ಬೇಕಾಗುತ್ತದೆ. ಆ ಹೊತ್ತಿಗೆ ಗೆಡ್ ದೊಡ್ಡ ಮಾಂತ್ರಿಕ, ಯಾವ ಅರಮನೆಯ ಬಾಗಿಲೂ ಅವನಿಗೆ ತೆರೆಯುತ್ತದೆ. ಅವನು ಅವಳಿಗೆ ಹೇಳುವುದು ರೇ ಆಲ್ಬಿಯ ಆ ಚಿಕ್ಕ ಮನೆಯನ್ನು, ತನ್ನ ಗುರುವಿನ ಹೆಸರನ್ನು. ಓಗಿಯನ್ ಏನು ಕಲಿಸಿದ್ದ ಅಂತ ಆಗ ನನಗೆ ಬರೆ.

ನಿನ್ನ ಪ್ರೀತಿಯ,
ಗೆಳೆಯ